ಶುಕ್ರಗ್ರಹಕ್ಕೆ ಅರ್ಥ ಹೇಳಿದ್ದು

ನಮ್ಮ ಇಲಾಖೆಗೆ ಹೊಸದಾಗಿ ಸೇರಿದ ನಾಲ್ಕೈದು ಮಂದಿ ಕುಮಟೆಯ ಕಚೇರಿಗೆ ನನ್ನನ್ನು ಕರೆಸಿ, ಶಾಲು ಹೊದಿಸಿ, “ನಿಮ್ಮ ಅನುಭವ ಬರೆದುಕೊಡಿ ಸರ್, ನಮಗೆ ದಾರಿದೀಪ ಆಗ್ತದೆ” ಎಂದರು. ದಾರಿದೀಪವಂತೆ! ಶಾಲು ಪಾಲಿಯೆಸ್ಟರಿನದು, ಮಾತೂ ಅದೇ ನೂಲಿನದು. ಆದರೂ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾವ ಸಾಹೇಬರು ಬೆನ್ನು ತಟ್ಟಿದರು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ. ನಿದ್ದೆ ಬಾರದವರು ತೆಗೆದು ಓದಬಹುದು. ನಾನು ಇಲ್ಲಿ ಬರೆಯುವುದು ಆ ಪುಸ್ತಕದಲ್ಲಿ ಇಲ್ಲದ್ದು.

ನನ್ನ ಹುದ್ದೆಯ ಹೆಸರು ಚಲನಚಿತ್ರ ನಿರ್ವಾಹಕ. ಹೆಸರು ಕೇಳಿ ಭಾರೀ ಕುಳವೆಂದುಕೊಂಡು ಹೆಣ್ಣು ಕೊಟ್ಟ ಮಾವನವರು ಆಮೇಲೆ ಬಹಳ ವರ್ಷ ಮಾತು ಕಡಿಮೆ ಮಾಡಿದ್ದರು. ಕೆಲಸ ಇಷ್ಟೇ: ಒಂದು ಮುದಿ ವ್ಯಾನು, ಅದರಲ್ಲಿ ಹದಿನಾರು ಮಿಲಿಮೀಟರಿನ ಪ್ರೊಜೆಕ್ಟರು, ಒಂದು ಬಿಳಿ ಪರದೆ, ಲೌಡ್ ಸ್ಪೀಕರು, ಮೈಕು, ಒಂದು ಜನರೇಟರು. ಭಟ್ಕಳದಿಂದ ಕುಮಟೆಯವರೆಗೆ ಹೈಸ್ಕೂಲು ಹೈಸ್ಕೂಲು ತಿರುಗಿ ಮಕ್ಕಳಿಗೆ ವಿಜ್ಞಾನದ ಸಿನಿಮಾ ತೋರಿಸುವುದು. ವ್ಯಾನು ಓಡಿಸುವುದು, ಜನರೇಟರು ನೋಡಿಕೊಳ್ಳುವುದು ಇಸ್ಮಾಯಿಲ್ ಸಾಹೇಬರ ಪಾಲು. ಭಟ್ಕಳದವರು, ಮನೆಯಲ್ಲಿ ನವಾಯತಿ, ಪೇಟೆಯಲ್ಲಿ ಉರ್ದು, ನನ್ನ ಹತ್ತಿರ ಕನ್ನಡ, ಜನರೇಟರಿನ ಹತ್ತಿರ ಮಾತ್ರ ಮೂರೂ ಭಾಷೆಯ ಬೈಗುಳ.

ತೊಂಬತ್ತೇಳನೇ ಇಸವಿಯಲ್ಲಿ ನಮ್ಮ ಘಟಕಕ್ಕೆ ಒಂದು ಕಬ್ಬಿಣದ ಟ್ರಂಕು ಬಂತು. ಒಳಗೆ ಏಳು ಚಿತ್ರಗಳು. ಎಲ್ಲವೂ ನಾನು ಚಡ್ಡಿ ಹಾಕುವ ಕಾಲದಲ್ಲಿ ಯಾವುದೋ ಪರದೇಶದಲ್ಲಿ ತೆಗೆದವು. ಮನುಷ್ಯ ಚಂದ್ರನ ಮೇಲೆ ಕಾಲಿಡುವ ಮೊದಲೇ ಮಂಗಳ, ಶುಕ್ರ, ಗುರು ಎಂದು ನೆಂಟರ ಮನೆಗೆ ಹೋದಂತೆ ಹೋಗಿ ಬಂದವರ ಕಥೆಗಳು. ಯಾವುದೋ ರಾಯಭಾರ ಕಚೇರಿಯವರು ಗೋದಾಮು ಗುಡಿಸುವಾಗ ನಮ್ಮ ಇಲಾಖೆಗೆ ದಾನ ಮಾಡಿದ್ದಂತೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಬಾರದು ನಿಜ. ಆದರೆ ಆ ದಟ್ಟಿ ಉಟ್ಟುಕೊಂಡು ಶಾಲೆ ಶಾಲೆ ತಿರುಗಬೇಕಾದವನು ನಾನು. ಮೊಳ ಹಾಕದೆ ಹೇಗಿರಲಿ?

ಏನು ಚಿತ್ರಗಳು, ಏನು ವಿಜ್ಞಾನ! ರಾಕೆಟ್ಟನ್ನು ನೇತುಹಾಕಿದ ದಾರ ಹಿಂದಿನ ಬೆಂಚಿನವರಿಗೂ ಕಾಣುತ್ತಿತ್ತು. ರಾಕೆಟ್ಟಿನ ಒಳಗೆ ಸೋಫಾ, ಗೋಡೆ ಗಡಿಯಾರ. ಗಾಳಿಯೇ ಇಲ್ಲದ ಕಡೆ ಹೊರಟವರು ಪೈಪು ಸೇದುತ್ತ ಕೂತಿದ್ದರು. ಶುಕ್ರಗ್ರಹದಲ್ಲಿ ಕಾಡು, ಕೆಸರು, ಎಡೆಬಿಡದ ಮಳೆ. ನಮ್ಮ ಜುಲೈ ತಿಂಗಳನ್ನು ನೋಡಲು ಇವರು ಅಷ್ಟು ದೂರ ಹೋಗಬೇಕಿತ್ತೇ? ಎಲ್ಲ ಗ್ರಹಗಳಲ್ಲೂ ಒಂದೇ ಗುಡ್ಡ. ಮಂಗಳದಲ್ಲಿ ಗುಂಡೇಟು ತಿಂದು ಸತ್ತ ರಬ್ಬರಿನ ಪ್ರಾಣಿ ಇನ್ನೊಂದು ಚಿತ್ರದಲ್ಲಿ ಗುರುಗ್ರಹದ ಗುಹೆಯಿಂದ ಎದ್ದು ಬರುತ್ತಿತ್ತು, ಬಾಲ ಮಾತ್ರ ಬೇರೆ.

“ಹೆಗಡೇರೆ, ಇದಕ್ಕೂ ನಮ್ಮ ಹಾಂಗೆ ಟ್ರಾನ್ಸ್‌ಫರ್ ಆಗ್ತದೆ ಕಾಣ್ತದೆ” ಎಂದಿದ್ದರು ಇಸ್ಮಾಯಿಲ್.

ಪ್ರತಿ ತಂಡದಲ್ಲೂ ಒಬ್ಬಳೇ ಹೆಂಗಸು. ಕಾಫಿ ಕೊಡುವುದು, ಕಿರುಚುವುದು, ಓಡುವಾಗ ಎಡವಿ ಬೀಳುವುದು, ಇವಿಷ್ಟೇ ಅವಳ ಕೆಲಸವೆಂದು ನಾನು ತಿಳಿದಿದ್ದೆ. ಏಳರಲ್ಲಿ ಆರು ಚಿತ್ರಗಳ ಮಟ್ಟಿಗೆ ಅದು ನಿಜವೂ ಆಗಿತ್ತು.

ಈ ಏಳರ ಭಾಷೆ ನಮ್ಮ ಜಿಲ್ಲೆಯಲ್ಲಿ ಒಬ್ಬನಿಗೂ ತಿಳಿಯುವಂಥದ್ದಲ್ಲ. ಕಥಾಸಾರದ ಹಾಳೆಗಳು ಟ್ರಂಕಿನೊಳಗೇ ಗೆದ್ದಲಿಗೆ ಆಹಾರವಾಗಿದ್ದವು. ಕಾರವಾರದ ಮೇಲಧಿಕಾರಿಗೆ ಬರೆದು ಕೇಳಿದೆ. ‘ಸದರಿ ಚಿತ್ರಗಳು ಸ್ವಯಂವೇದ್ಯವಾಗಿದ್ದು ವಿವರಣೆಯ ಅವಶ್ಯಕತೆ ಇರುವುದಿಲ್ಲ’ ಎಂದು ಉತ್ತರ ಬಂತು. ಒಂದು ಚಿತ್ರವನ್ನೂ ನೋಡದೆ ಇಷ್ಟು ಖಚಿತವಾಗಿ ಬರೆಯಬೇಕಾದರೆ ಮೇಲಧಿಕಾರಿಯೇ ಆಗಿರಬೇಕು. ಮೊದಲ ಶಾಲೆಯಲ್ಲೇ ಮಕ್ಕಳು ಗಲಾಟೆ ಎಬ್ಬಿಸಿದರು. ನಾನು ಚಿತ್ರದ ಧ್ವನಿ ಬಂದ್ ಮಾಡಿ ಮೈಕು ಎತ್ತಿಕೊಂಡೆ. ಅದೇ ನನ್ನ ವಿಧಾನವಾಯಿತು.

ಇಲ್ಲಿ ನನ್ನ ಇನ್ನೊಂದು ಚಟವನ್ನು ಹೇಳಬೇಕು. ನಾನು ತಾಳಮದ್ದಳೆಯ ಹುಚ್ಚಿನವನು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಬರೀ ಮಾತಿನಿಂದ ಪಾತ್ರ ಕಟ್ಟುವುದು, ಅದಕ್ಕೇ ಅರ್ಥ ಹೇಳುವುದು ಎನ್ನುತ್ತೇವೆ. ಊರಿನ ಕೂಟಗಳಲ್ಲಿ ನನಗೆ ಸಿಗುತ್ತಿದ್ದದ್ದು ದೂತ, ಮಂತ್ರಿ, ಸಾರಥಿಯಂಥ ಎರಡು ಮಾತಿನ ಪಾತ್ರಗಳು. ನಾಯಕನ ಅರ್ಥ ಹೇಳುವ ಆಸೆ ಎದೆಯಲ್ಲೇ ಕೊಳೆಯುತ್ತಿತ್ತು. ಈಗ ಕತ್ತಲೆ ಮಾಡಿದ ಹಾಲ್, ಮಾತು ತಿಳಿಯದ ಚಿತ್ರ, ಎದುರು ಮಾತಾಡದ ಮಕ್ಕಳು, ಕೈಯಲ್ಲಿ ಮೈಕು. ಗಡ್ಡದ ಕ್ಯಾಪ್ಟನ್ನು ಬಾಯಿ ತೆರೆದರೆ ಸಾಕು, “ಎಲವೋ ಶುಕ್ರಗ್ರಹವೇ! ನಿನ್ನ ಮೋಡದ ಮುಸುಕನ್ನು ಹರಿಯದೆ ಹಿಂದಿರುಗಿದೆನಾದರೆ ನಾನು ಭೂಮಿಯ ಮಗನೇ ಅಲ್ಲ!” ಎಂದು ಶುರು ಮಾಡುತ್ತಿದ್ದೆ. ಅವನು ಬಾಯಿ ಮುಚ್ಚಿದ ಮೇಲೂ ನನ್ನ ಮಾತು ಮುಗಿಯುತ್ತಿರಲಿಲ್ಲ. ಉಳಿದವರೆಲ್ಲ ನನ್ನ ಲೆಕ್ಕದಲ್ಲಿ ದೂತರು, ಸಾರಥಿಗಳು. ಊರಲ್ಲಿ ನನಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡಿದೆ.

ಭಟ್ಕಳದ ಒಂದು ಶಾಲೆಯಲ್ಲಿ ವಯಸ್ಸಾದ ಗಣಿತದ ಮಾಸ್ತರರು ಆಟ ಮುಗಿದ ಮೇಲೆ ಬಂದು, ಬಹಳ ವಿನಯದಿಂದ, “ಸಿನಿಮಾ ಚಲೋ ಇತ್ತು. ನೀವು ನಡುನಡು ಉಸಿರು ತಗಂಡಿದ್ರೆ ಇನ್ನೂ ಚಲೋ ಇರ್ತಿತ್ತು” ಎಂದರು. ಹೊಟ್ಟೆಕಿಚ್ಚು ಎಂದುಕೊಂಡೆ.

ಎಡವಟ್ಟುಗಳಿಗೇನೂ ಬರ ಇರಲಿಲ್ಲ. ಇಡಗುಂಜಿ ಕಡೆಯ ಒಂದು ಶಾಲೆಯಲ್ಲಿ ಎರಡನೇ ಸುರುಳಿ ಬಿಟ್ಟು ಮೂರನೆಯದನ್ನು ಹಾಕಿದೆ. ಇಬ್ಬರು ಸತ್ತರು. ಆಮೇಲೆ ಎರಡನೆಯದು ಹಾಕಿದಾಗ ಅವರೇ ಎದ್ದು ಊಟಕ್ಕೆ ಕೂತರು. ನಾನು ಬಿಡುತ್ತೇನೆಯೇ? ಮಂಗಳಗ್ರಹದಲ್ಲಿ ಸಂಜೀವಿನಿಯಂಥ ಒಂದು ಗಿಡವಿದೆ ಎಂದು ಅರ್ಥ ಹೇಳಿದೆ. ಯಾರೂ ಪ್ರಶ್ನೆ ಕೇಳಲಿಲ್ಲ. ‘ಕಾರ್ಯಕ್ರಮ ಅತ್ಯಂತ ಉಪಯುಕ್ತವಾಗಿತ್ತು’ ಎಂಬ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ತರರು ಆಟ ಶುರುವಾಗುವ ಮೊದಲೇ ಸಹಿ ಹಾಕಿದ್ದರು. ಎಲ್ಲ ಕಡೆ ಹಾಗೆಯೇ.

ಮತ್ತೊಬ್ಬ ಮೇಲಧಿಕಾರಿ ಬಂದರು. ಒಂದು ಚಿತ್ರದಲ್ಲಿ ಗಂಡು ಹೆಣ್ಣು ಮುತ್ತಿಡುತ್ತಾರೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ಕತ್ತರಿಸಿ ಎಂದರು. ಕತ್ತರಿಸಿದೆ. ಆ ಇಬ್ಬರು ಮುತ್ತಿಟ್ಟುಕೊಂಡದ್ದೇ ರಾಕೆಟ್ಟು ನೆಲ ಮುಟ್ಟಿದ ಸಂತೋಷಕ್ಕೆ. ಮುತ್ತಿನ ಜೊತೆ ನೆಲವೂ ಹೋಯಿತು. ಅಂದಿನಿಂದ ಆ ರಾಕೆಟ್ಟು ಇಳಿಯಲೇ ಇಲ್ಲ. ಒಂದು ಕ್ಷಣ ಆಕಾಶದಲ್ಲಿ, ಮರುಕ್ಷಣ ಎಲ್ಲರೂ ಗುಡ್ಡದ ಮೇಲೆ. ಸಾಹೇಬರು ಬಹಳ ತೃಪ್ತರಾದರು.

ಇಷ್ಟು ಹೇಳಿ ನಗಿಸಿದ ಮೇಲೆ ಮಿರ್ಜಾನದ ವಿಷಯವನ್ನು ಹೇಳಲೇಬೇಕು.

ಪ್ರತಿ ಆಟದ ನಂತರ ಮಕ್ಕಳು ಚಿತ್ರದಲ್ಲಿ ಕಂಡದ್ದನ್ನು ಒಂದು ಪುಟ ಬರೆಯಬೇಕು. ತಾಲೂಕಿನ ಎಲ್ಲ ಶಾಲೆಗಳಿಂದ ಒಂದೇ ಒಂದು ಪುಟವನ್ನು ಆರಿಸಬೇಕು. ಬರೆದವರಿಗೆ ಕಾರವಾರದಲ್ಲಿ ಐದು ದಿನದ ವಿಜ್ಞಾನ ಶಿಬಿರ. ಆರಿಸುವ ಅಧಿಕಾರ ನನ್ನದು. ನನ್ನ ಇಡೀ ನೌಕರಿಯಲ್ಲಿ ನನಗಿದ್ದ ಅಧಿಕಾರ ಅದೊಂದೇ, ಹಾಗಾಗಿ ಅದನ್ನು ಸ್ವಲ್ಪ ಮೀಸೆ ತಿರುವಿಕೊಂಡೇ ಚಲಾಯಿಸುತ್ತಿದ್ದೆ.

ಮಿರ್ಜಾನದ ಹೈಸ್ಕೂಲಿನಲ್ಲಿ ಅಂದು ಶುಕ್ರಗ್ರಹದ ಚಿತ್ರ. ಉದ್ದನೆಯ ಹಾಲ್, ಕಿಟಕಿಗಳಿಗೆ ಗೋಣಿ ಹೊದಿಸಿ, ಪರದೆಯನ್ನು ನಡುವೆ ಇಳಿಬಿಟ್ಟಿದ್ದೆವು. ಕತೆ ಹೀಗೆ: ಗಡ್ಡದ ಕ್ಯಾಪ್ಟನ್ನು, ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಶುಕ್ರದ ಮೇಲೆ ಇಳಿದ ಮೇಲೆ ಆ ಹೆಂಗಸು ಕ್ಯಾಪ್ಟನ್ನಿಗೆ ಒಂದು ಕಾಗದ ತೋರಿಸುತ್ತಾಳೆ. ಊರಿನಿಂದ ಬಂದ ತಾಯಿಯ ಕಾಗದ, ಮನೆಗೆ ಹೋಗೋಣವೆಂದು ಅಳುತ್ತಿದ್ದಾಳೆ ಎಂದು ನನ್ನ ಅರ್ಥ. ಕ್ಯಾಪ್ಟನ್ನು ಅದನ್ನು ತಳ್ಳಿಹಾಕಿ ಗುಹೆಗೆ ನುಗ್ಗುತ್ತಾನೆ. “ಅಂಜದಿರು ತರುಣಿ!” ಎಂದು ನಾನು ಗುಡುಗುತ್ತೇನೆ. ಒಬ್ಬ ಸಾಯುತ್ತಾನೆ. ಕೊನೆಗೆ ರಾಕೆಟ್ಟಿನ ಚುಕ್ಕಾಣಿಯ ಮುಂದೆ ಆಕೆ ಕೂತಿರುತ್ತಾಳೆ. ದಣಿದ ಕ್ಯಾಪ್ಟನ್ನು ದೊಡ್ಡ ಮನಸ್ಸು ಮಾಡಿ ಅವಳಿಗೂ ಒಂದು ಗಳಿಗೆ ಕೂರಲು ಬಿಟ್ಟಿದ್ದಾನೆ ಎಂದು ಹೇಳಿ ನಾನು ಮಂಗಳ ಹಾಡುತ್ತಿದ್ದೆ.

ಅಂದಿನ ಪುಟಗಳಲ್ಲಿ ಒಂದು ಹೀಗಿತ್ತು: ‘ಆ ಅಕ್ಕ ಲೆಕ್ಕ ಮಾಡಿ ತೋರಿಸಿದಳು. ಗಡ್ಡದವನು ನೋಡಲಿಲ್ಲ. ಅವನು ತಪ್ಪು ಮಾಡಿದ್ದರಿಂದ ಒಬ್ಬರು ಸತ್ತರು. ಕೊನೆಗೆ ಅಕ್ಕನೇ ಎಲ್ಲರನ್ನೂ ವಾಪಸು ತಂದಳು. ಗಡ್ಡದವನು ತಲೆ ತಗ್ಗಿಸಿ ಕೂತಿದ್ದ. ಅವರೆಲ್ಲ ಎಡಗೈಯಲ್ಲಿ ಬರೆಯುವ ಜನ.’ ಬರೆದವಳು ಒಂಬತ್ತನೇ ತರಗತಿಯ ಮಾದೇವಿ ಅಂಬಿಗ. ಅಘನಾಶಿನಿಯ ಆಚೆ ದಡದಿಂದ ದೋಣಿಯಲ್ಲಿ ಬರುವ ಹುಡುಗಿ. ಲೆಕ್ಕದಲ್ಲಿ ಶಾಲೆಗೇ ಮೊದಲು, ಈ ಸಲ ಶಿಬಿರಕ್ಕೆ ಇವಳೇ ಹೋಗಬೇಕು ಎಂದು ಅವಳ ಮಾಸ್ತರರು ನನಗೆ ಮೊದಲೇ ಹೇಳಿದ್ದರು.

ಓದಿ ನನಗೆ ಮೈ ಉರಿಯಿತು. ಎರಡು ತಾಸು ಗಂಟಲು ಹರಿದುಕೊಂಡು ಹೇಳಿದ ಅರ್ಥದಲ್ಲಿ ಒಂದಕ್ಷರವೂ ಇಲ್ಲ! ನನ್ನ ಕ್ಯಾಪ್ಟನ್ನು ತಲೆ ತಗ್ಗಿಸಿ ಕೂತನೇ? ಎಡಗೈಯಂತೆ! ನಾನು ಮೈಕು ತೆಗೆದುಕೊಂಡು, ಇಡೀ ಶಾಲೆಯ ಎದುರು, ಆ ಪುಟವನ್ನು ಅರ್ಥಗಾರಿಕೆಯ ಧಾಟಿಯಲ್ಲಿ ಓದಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಹೆಡ್‌ಮಾಸ್ತರರು ಅವಳನ್ನು ಎಬ್ಬಿಸಿ, “ಎಂತ ಹುಡುಗಿ, ಸುಳ್ಳು ಬರೀತ್ಯಾ?” ಎಂದು ಗದರಿದರು.

“ಸುಳ್ಳಲ್ಲ ಸರ್. ನಾ ಕಂಡದ್ದೇ ಬರ್ದದ್ದು.”

“ಹಾಗಾದರೆ ಕುರುಡ ನಾನೋ ತಂಗಿ?” ಎಂದೆ ನಾನು, ಮೈಕಿನಲ್ಲಿ.

ಮತ್ತೆ ನಗು. ಅವಳು ಅಳಲಿಲ್ಲ. ಪರದೆಯ ಕಡೆ ಒಮ್ಮೆ ನೋಡಿ ಕೂತುಬಿಟ್ಟಳು. ಅವಳ ಪುಟದ ಮೇಲೆ ಕೆಂಪು ಶಾಯಿಯಲ್ಲಿ ‘ಚಿತ್ರ ನೋಡದೆ ಬರೆದದ್ದು’ ಎಂದು ಬರೆದೆ. ಶಿಬಿರಕ್ಕೆ, ನನ್ನ ‘ಎಲವೋ ಶುಕ್ರಗ್ರಹವೇ’ಯನ್ನು ಅಕ್ಷರ ಬಿಡದೆ ಬರೆದಿದ್ದ ಕುಮಟೆಯ ಒಬ್ಬ ಹುಡುಗನನ್ನು ಕಳಿಸಿದೆ. ಅವನು ಅಲ್ಲಿಯೂ ಅದನ್ನೇ ಒಪ್ಪಿಸಿದನಂತೆ. ಮೇಲಧಿಕಾರಿಗಳು ಚಪ್ಪಾಳೆ ತಟ್ಟಿದರಂತೆ.

ಎಂಟೊಂಬತ್ತು ವರ್ಷ ಕಳೆಯಿತು. ಪ್ರೊಜೆಕ್ಟರು ತುಕ್ಕು ಹಿಡಿಯಿತು. ಶಾಲೆಗಳಿಗೆ ದೊಡ್ಡ ಟೀವಿ, ಡಿವಿಡಿ ಪ್ಲೇಯರು ಬಂದವು. ಅದೇ ಏಳು ಚಿತ್ರಗಳು ತೆಳ್ಳಗಿನ ತಟ್ಟೆಗಳಾಗಿ ಮತ್ತೆ ಬಂದವು. ಇಲಾಖೆಯ ಕಲ್ಪನಾಶಕ್ತಿಗೆ ನಮಸ್ಕಾರ. ಈ ಸಲ ಮಾತ್ರ ಕೆಳಗೆ ಇಂಗ್ಲಿಷಿನಲ್ಲಿ ಮಾತಿನ ಸಾಲುಗಳಿದ್ದವು. ಒಂದು ಮಧ್ಯಾಹ್ನ ಕುಮಟೆಯ ಕಚೇರಿಯಲ್ಲಿ, ಊಟವಾದ ಮೇಲೆ, ನಾನೂ ಇಸ್ಮಾಯಿಲ್ ಸಾಹೇಬರೂ ಶುಕ್ರಗ್ರಹವನ್ನು ಹಾಕಿಕೊಂಡು ಕೂತೆವು. ನಗುವುದಕ್ಕೆಂದೇ ಕೂತದ್ದು.

ಆ ಹೆಂಗಸು ಕಾಗದ ತೋರಿಸಿದಳು. ಕೆಳಗೆ ಸಾಲು ಬಂತು: ‘ನಿಮ್ಮ ಲೆಕ್ಕ ತಪ್ಪಿದೆ. ಇಲ್ಲಿ ಇನ್ನೊಂದು ದಿನ ನಿಂತರೆ ಇಂಧನ ಸಾಲುವುದಿಲ್ಲ.’ ಕ್ಯಾಪ್ಟನ್ನು ಹೇಳಿದ: ‘ನನಗೆ ಲೆಕ್ಕ ಕಲಿಸಬೇಡ.’ ಅಷ್ಟೇ ಅವನ ಮಾತು. ನಾನು ಅಲ್ಲಿ ಮೂರು ನಿಮಿಷ ವೀರರಸ ಹರಿಸುತ್ತಿದ್ದೆ. ಕೊನೆಯಲ್ಲಿ ಅವನು, ‘ನಿನ್ನ ಮಾತು ಕೇಳಬೇಕಿತ್ತು’ ಎಂದು ತಲೆ ತಗ್ಗಿಸಿದ. ಏಳರಲ್ಲಿ ಒಂದೇ ಒಂದು ಬುದ್ಧಿಯಿದ್ದ ಚಿತ್ರ. ಅದಕ್ಕೆ ನಾನು ಹತ್ತು ವರ್ಷ ಮಣ್ಣು ಹಾಕಿದ್ದೆ.

ಕೆಂಪು ಶಾಯಿ ನೆನಪಾಯಿತು. ಆದರೂ ಮನುಷ್ಯನಿಗೆ ಮಾನ ದೊಡ್ಡದು. “ಅವಳು ಎಡಗೈ ಅಂತ ಬರೆದದ್ದು ಮಾತ್ರ ಸುಳ್ಳು, ನೋಡಿ, ಎಲ್ಲರೂ ಬಲಗೈಯಲ್ಲೇ ಬರೀತಿದ್ದಾರೆ” ಎಂದೆ.

ಇಸ್ಮಾಯಿಲ್ ನನ್ನನ್ನೇ ನೋಡಿದರು. “ಪರದೆ ಹಿಂದಿಂದ ನೋಡಿದ್ರೆ ಎಡಗೈಯೇ ಕಾಣ್ತದೆ ಹೆಗಡೇರೆ. ಆ ಹುಡುಗಿಗೆ ಅವತ್ತು ದೋಣಿ ತಡ ಆಗಿತ್ತು. ಎದುರು ಜಾಗ ಇಲ್ಲ. ಹಿಂದಿನ ಬಾಗಲಿಂದ ನಾನೇ ಕರ್ಕಬಂದು ಕೂರ್ಸದ್ದು. ಅಲ್ಲಿ ಜನರೇಟರ್ ಶಬ್ದಕ್ಕೆ ನಿಮ್ಮ ಮಾತು ಒಂದೂ ಕೇಳೂದಿಲ್ಲ. ಬರೀ ಸಿನಿಮಾ.”

ಜೀವಮಾನವಿಡೀ ಪರದೆ ಕಟ್ಟಿದವನಿಗೆ ಇದು ಹೊಳೆಯಲಿಲ್ಲ! ಎಡಗೈ ಎಂಬ ಒಂದೇ ಮಾತಿನಿಂದ ಅವಳು ಎಲ್ಲಿ ಕೂತಿದ್ದಳು, ಎಷ್ಟು ಗಮನವಿಟ್ಟು ನೋಡಿದ್ದಳು ಎಂದು ನನಗೆ ತಿಳಿಯಬೇಕಿತ್ತು. ಅದೇ ಮಾತನ್ನು ಹಿಡಿದು ಅವಳನ್ನು ಸುಳ್ಳುಗಾರ್ತಿ ಮಾಡಿದ್ದೆ.

“ನೀವೂ ಹಿಂದೆಯೇ ಕೂತು ನೋಡ್ತಿದ್ದಿರಲ್ಲ. ನನಗೆ ಯಾಕೆ ಹೇಳಲಿಲ್ಲ?”

“ಆ ಹೆಂಗ್ಸು ಹೇಳೂದೇ ಸರಿ ಅಂತ ನನಗೆ ಮೊದ್ಲನೇ ಸಲವೇ ಗೊತ್ತಾಗಿತ್ತು. ನೀವು ಮೈಕ್ ಹಿಡ್ಕಂಡ್ರೆ ಬೇರೆಯವ್ರಿಗೆ ಮಾತಾಡೂಕೆ ಎಲ್ಲಿ ಜಾಗ ಇತ್ತು?”

ಮನೆಯಲ್ಲಿ ಹೇಳಿಕೊಂಡೆ. ಹೆಂಡತಿ ಬಟ್ಟೆ ಮಡಿಸುತ್ತ ಕೇಳಿ, “ಹೋಗಿ ಆ ಕೂಸಿನ ಹತ್ರ ತಪ್ಪಾತು ಹೇಳಿ ಹೇಳಿಕ್ಕೆ ಬನ್ನಿ. ಅಲ್ಲೂ ಅರ್ಥ ಹೇಳ್ತಾ ಕೂರಬೇಡಿ” ಎಂದಳು.

ಮಿರ್ಜಾನದಲ್ಲಿ ವಿಚಾರಿಸಿದೆ. ಮಾದೇವಿ ಟೀಚರಾಗಿದ್ದಾಳೆ, ಬಾಡದ ಕಡೆಯ ಪ್ರಾಥಮಿಕ ಶಾಲೆಯಲ್ಲಿ ಎಂದರು. ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಅಂತೂ ಹುಡುಗಿ ಹಾಳಾಗಲಿಲ್ಲ ಎಂದು ಸಮಾಧಾನಪಟ್ಟೆ. ಅದೇ ಶಾಲೆಗೆ ಕಾರ್ಯಕ್ರಮ ಹಾಕಿಸಿಕೊಂಡು ತಟ್ಟೆ ಹಿಡಿದುಕೊಂಡು ಹೋದೆ.

ನೋಡಿದ ಕೂಡಲೇ ಗುರುತು ಹಿಡಿದಳು. “ಶುಕ್ರಗ್ರಹದ ಸರ್ ಅಲ್ದಾ?” ಎಂದು ಕುರ್ಚಿ ಎಳೆದು ಕೊಟ್ಟಳು, ಚಾ ತರಿಸಿದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೀನು ಬರೆದದ್ದೇ ಸರಿ, ತಪ್ಪು ನನ್ನದು, ಎಲ್ಲರೆದುರು ನಿನ್ನನ್ನು ನಗೆಪಾಟಲು ಮಾಡಿದೆ, ಕ್ಷಮಿಸು ಎಂದೆ. ಅವಳಿಗೆ ನನ್ನನ್ನು ಕಂಡು ಮುಜುಗರವಾಯಿತು.

“ಅಯ್ಯೋ, ಅದೆಲ್ಲ ಎಂತಕ್ಕೆ ಸರ್ ಈಗ? ನಾ ಕಂಡದ್ದು ಸರಿ ಅಂತ ನಂಗೆ ಅವತ್ತೇ ಗೊತ್ತಿತ್ತು. ಆದ್ರೆ ಕಂಡದ್ದು ಬರೆದ್ರೆ ಎಂತ ಆಗ್ತದೆ ಅಂತನೂ ಅವತ್ತೇ ಗೊತ್ತಾತು. ಆಮೇಲೆ ನಾನು ಕಂಡದ್ದು ಬರೆಯೂಕೆ ಹೋಗ್ಲೇ ಇಲ್ಲ. ಸರ್ ಹೇಳಿದ್ದೇ ಬರ್ದೆ. ಎಲ್ಲದ್ರಲ್ಲೂ ಪಾಸಾದೆ. ನಮ್ಮ ಮಕ್ಳಿಗೂ ಅದೇ ಹೇಳ್ತೆ.”

ಚುಚ್ಚುವುದಕ್ಕೆ ಹೇಳಿದ ಮಾತಲ್ಲ. ಚುಚ್ಚಿದ್ದರೆ ತಡೆದುಕೊಳ್ಳುತ್ತಿದ್ದೆ. ಉಪಕಾರ ನೆನೆಯುವ ಹಾಗೆ ಹೇಳಿದಳು. ಐದು ದಿನದ ಶಿಬಿರವನ್ನಷ್ಟೇ ನಾನು ಅವಳಿಂದ ಕಿತ್ತುಕೊಂಡದ್ದು ಎಂದು ತಿಳಿದು ಕ್ಷಮೆ ಕೇಳಲು ಬಂದಿದ್ದೆ.

ಏಳನೇ ತರಗತಿಯಲ್ಲಿ ಟೀವಿ ಇಟ್ಟು ಶುಕ್ರಗ್ರಹ ಹಾಕಿದೆ. ಬಾಯಿ ಬಿಡಬಾರದೆಂದು ಹಲ್ಲು ಕಚ್ಚಿ ಗೋಡೆಗೆ ಒರಗಿ ನಿಂತೆ. ಮಕ್ಕಳು ಪುಸ್ತಕ, ಪೆನ್ನು ತೆಗೆದು ಕೂತಿದ್ದರು. ಕಾಲು ಗಂಟೆ ಕಳೆಯಿತು. ಒಬ್ಬರೂ ಒಂದಕ್ಷರ ಬರೆಯಲಿಲ್ಲ. ಒಬ್ಬಳು ಹುಡುಗಿ ಎದ್ದು, “ಟೀಚರ್, ಎಂತ ಬರೆಯೂದು?” ಎಂದು ಕೇಳಿದಳು. ಮಾದೇವಿ ನನ್ನ ಕಡೆ ತಿರುಗಿದಳು.

“ಸ್ವಲ್ಪ ಅರ್ಥ ಹೇಳಿ ಸರ್, ಮಕ್ಳು ಬರ್ಕಳ್ಳೂಕೆ ಕಾಯ್ತಾ ಇದ್ದಾರೆ.”

ಟೀವಿಯಲ್ಲಿ ಆ ಹೆಂಗಸು ಆಗಷ್ಟೇ ಲೆಕ್ಕದ ಹಾಳೆಯನ್ನು ಕ್ಯಾಪ್ಟನ್ನಿನ ಮುಂದೆ ಹಿಡಿದಿದ್ದಳು. ನಾನು ಹೇಳಿದೆ: “ಮಕ್ಕಳೇ, ನಾನು ಹೇಳುವುದು ಏನೂ ಇಲ್ಲ. ನೀವು ಕಂಡದ್ದನ್ನು ಬರೆಯಿರಿ.”

ಎಲ್ಲರೂ ತಲೆ ಬಗ್ಗಿಸಿದರು. ಪೆನ್ನುಗಳು ಓಡಿದವು. ನನಗೆ ಕಣ್ಣು ತುಂಬಿ ಬಂತು. ಹತ್ತಿರ ಹೋಗಿ ಒಂದು ಪುಸ್ತಕಕ್ಕೆ ಬಗ್ಗಿ ನೋಡಿದೆ, ಪಕ್ಕದ್ದನ್ನು ನೋಡಿದೆ, ಅದರ ಪಕ್ಕದ್ದನ್ನೂ ನೋಡಿದೆ. ದುಂಡಗಿನ ಅಕ್ಷರದಲ್ಲಿ ಎಲ್ಲರೂ ಒಂದೇ ಬರೆದಿದ್ದರು: ‘ಮಕ್ಕಳೇ, ನಾನು ಹೇಳುವುದು ಏನೂ ಇಲ್ಲ. ನೀವು ಕಂಡದ್ದನ್ನು ಬರೆಯಿರಿ.’ ಬರೆದು ಮುಗಿಸಿ, ಮುಂದಿನ ವಾಕ್ಯಕ್ಕಾಗಿ ನನ್ನ ಮುಖ ನೋಡುತ್ತಿದ್ದರು. ಟೀವಿಯನ್ನು ಯಾರೂ ನೋಡುತ್ತಿರಲಿಲ್ಲ. ಮಾದೇವಿ ಸಾಲುಗಳ ನಡುವೆ ನಡೆಯುತ್ತ, ಎಲ್ಲರೂ ತಪ್ಪಿಲ್ಲದೆ ಬರೆದುಕೊಂಡಿದ್ದಾರೆಯೇ ಎಂದು ಪರೀಕ್ಷಿಸುತ್ತಿದ್ದಳು.